ಸೌಡಿ ತಿಪ್ಪೇಶಪ್ಪನ ಎದೆಯ ನಾಗಪ್ಪ

ನನ್ನ ಭಾವ ತಿಪ್ಪೇಶಪ್ಪ ಒಳ್ಳೆಯವನಲ್ಲ. ಕೆಟ್ಟವನು ಅನ್ನಿಸಿಕೊಳ್ಳಲು ಬೇಕಾಗುವಷ್ಟು ಧೈರ್ಯವೂ ಅವನಿಗಿರಲಿಲ್ಲ. ಕೈಗೆ ಏನು ಸಿಕ್ಕರೂ ಅದನ್ನೇ ಗದ್ದುಗೆ ಮಾಡಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂರುವುದೊಂದೇ ಅವನು ಬಲ್ಲ ವಿದ್ಯೆ.

ಅವನ ಊರು ಜಗಳೂರಿನಾಚೆಯ ಒಂದು ಒಣ ಹಳ್ಳಿ. ಒಂದು ಕೊಡ ನೀರಿಗೆ ಹೆಂಗಸರು ಬಾವಿ ಕಟ್ಟೆಯ ಮೇಲೆ ಹೊತ್ತುಗಟ್ಟಲೆ ಕಾಯುವುದನ್ನು ನೋಡುತ್ತ ಬೆಳೆದವನು. ಎಪ್ಪತ್ತರ ದಶಕದ ಮೊದಲಲ್ಲಿ ಯಾರ ಯಾರದೋ ಕಾಲು ಹಿಡಿದು ಭದ್ರಾ ನಾಲೆಯಲ್ಲಿ ಸೌಡಿ ಕೆಲಸಕ್ಕೆ ಸೇರಿಕೊಂಡು, ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಹತ್ತಿರ ಬಂದು ನೆಲೆಸಿದ. ಸೌಡಿ ಎಂದರೆ ಉಪನಾಲೆಯ ತೂಬು ಎತ್ತಿ ಇಳಿಸಿ, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು. ನೀರಿನ ಕಷ್ಟ ಕಂಡವನು, ಹದವಾಗಿ ಹಂಚುತ್ತಾನೆ ಎಂದು ನಮ್ಮಪ್ಪ ನಂಬಿದ. ನಂಬಿ, ನ್ಯಾಮತಿಯಲ್ಲಿದ್ದ ನನ್ನ ಅಕ್ಕ ಉಡಚಮ್ಮನನ್ನು ಅವನಿಗೆ ಕೊಟ್ಟ.

ತಿಪ್ಪೇಶಪ್ಪ ಕಲಿತದ್ದು ಬೇರೆ ಪಾಠ. ಬಾವಿ ಕಟ್ಟೆಯ ಮೇಲೆ ಕಾಯುವವರು ಇರುತ್ತಾರೆ, ಕಾಯಿಸುವವರೂ ಇರುತ್ತಾರೆ. ತಾನು ಇನ್ನು ಮುಂದೆ ಎರಡನೆಯವರ ಪೈಕಿ ಎಂದು ತೀರ್ಮಾನಿಸಿಕೊಂಡಿದ್ದ. ಭತ್ತ ಹಾಲುಗಾಳಾಗುವ ಹೊತ್ತಿಗೆ ತೂಬಿನ ಮೇಲೆ ಟವೆಲ್ ಹಾಸಿ ಕೂರುತ್ತಿದ್ದ. ರೈತರು ಬಂದು ನಿಲ್ಲಬೇಕು. ನಿಂತು ಕೆಮ್ಮಬೇಕು. ಅಜ್ಜಮ್ಮ ಎಂಬ ಗಂಡ ಸತ್ತ ಹೆಂಗಸು ಒಮ್ಮೆ ಗಡಿಬಿಡಿಯಲ್ಲಿ, "ಏ ತಿಪ್ಪೇಶಿ, ನೀರು ಬಿಡೋ, ಪೈರು ಒಣಗಾಕೆ ಹತ್ತೈತೆ" ಅಂದದ್ದಕ್ಕೆ, ಆಕೆಯ ಸರದಿಯ ನೀರನ್ನೆಲ್ಲ ಪಕ್ಕದ ಬೀಳಿಗೆ ಹರಿಸಿದ. ಬೀಳಿನಲ್ಲಿ ಜೊಂಡು ಹುಲುಸಾಗಿ ಬೆಳೆಯಿತು. ಅಜ್ಜಮ್ಮನ ಭತ್ತ ಜೊಳ್ಳಾಯಿತು. ಅದನ್ನು ಅವನು ನಮ್ಮ ಮನೆಗೆ ಬಂದಾಗ ಊಟದ ನಡುವೆ ನಗುತ್ತ ಹೇಳಿದ. ಅಕ್ಕ ಬಡಿಸುತ್ತಿದ್ದ ಕೈ ನಿಲ್ಲಿಸಿ ಒಳಗೆ ಹೋದಳು.

ನಾನು ಆಗ ಹೊನ್ನಾಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವನು ನನ್ನನ್ನು "ಮೇಷ್ಟ್ರೇ" ಎಂದೇ ಕರೆಯುತ್ತಿದ್ದ. ಆ ಕರೆಯಲ್ಲಿ ಗೌರವವಿಲ್ಲವೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಎಂಬತ್ತಮೂರರ ಬೇಸಿಗೆ ಬೆಳೆಯ ಕಾಲದಲ್ಲಿ ಅವನಿಗೆ ಹಾವು ಕಚ್ಚಿತು. ನಾಲೆ ಏರಿಯ ಮೇಲೆ ನಿಂತು ಓಬಣ್ಣನೆಂಬ ರೈತನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದನಂತೆ. ಬೈಗುಳಕ್ಕೆ ಜೋರು ಬರಲೆಂದು ಕಾಲು ನೆಲಕ್ಕೆ ಅಪ್ಪಳಿಸಿದ. ಅಪ್ಪಳಿಸಿದ್ದು ಹುಲ್ಲಿನಲ್ಲಿ ಮಲಗಿದ್ದ ಕೊಳಕುಮಂಡಲದ ಮೇಲೆ. ಬೈಸಿಕೊಳ್ಳುತ್ತಿದ್ದ ಆ ಓಬಣ್ಣನೇ ಅವನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿ, ಭತ್ತದ ಲಾರಿಯೊಂದನ್ನು ಅಡ್ಡಗಟ್ಟಿ ದಾವಣಗೆರೆಗೆ ಸಾಗಿಸಿದ. ಅಲ್ಲಿ ವಿಷಕ್ಕೆ ಔಷಧಿ ಬಿತ್ತು, ಪ್ರಾಣ ನಿಂತಿತು. ಆದರೆ ಉಚ್ಚೆ ನಿಂತುಹೋಯಿತು. ಮೈ ಮುಖ ಊದಿಕೊಂಡಿತು. ಕಿಡ್ನಿ ಕೆಲಸ ಬಿಟ್ಟಿವೆ, ಮೆಷಿನ್ನಿಗೆ ಹಾಕಿ ರಕ್ತ ತೊಳೆಯಬೇಕು, ಬೆಂಗಳೂರಿಗೆ ಒಯ್ಯಿರಿ ಎಂದರು. ಅಕ್ಕನೂ ನಾನೂ ಒಯ್ದೆವು.

ಬೆಂಗಳೂರಿನ ಆ ದೊಡ್ಡಾಸ್ಪತ್ರೆಯಲ್ಲಿ ಅವನ ಪಾಲಿಗೆ ಸಿಕ್ಕಿದ್ದು ಇನ್ನೂ ಮೀಸೆ ಗಟ್ಟಿಯಾಗದ ಒಬ್ಬ ಡಾಕ್ಟರು. ರಕ್ತವನ್ನು ಮೆಷಿನ್ನಿಗೆ ಕಳಿಸಿ ವಾಪಸು ತರಲು ದಪ್ಪ ನಾಳದೊಳಕ್ಕೆ ಒಂದು ನಳಿಕೆ ತೂರಿಸಬೇಕಿತ್ತು. ತೊಡೆಸಂದಿಯಲ್ಲಿ ಹಾಕಿದ್ದು ಒಂದೇ ಸಲಕ್ಕೆ ಮಡಚಿಕೊಂಡು ಕಟ್ಟಿಕೊಂಡಿತು. ಆಮೇಲೆ ಬಲಗಡೆ ಕೊರಳೆಲುಬಿನ ಕೆಳಗೆ ಸೂಜಿ ಹಾಕಿದರು. ಭಾವ ಒದ್ದಾಡದಂತೆ ಕಾಲು ಹಿಡಿದುಕೊಳ್ಳಲು ನನಗೆ ಹೇಳಿದ್ದರು. ಸೂಜಿ ಒಳಹೋಗುತ್ತಿದ್ದಂತೆ ಅಚ್ಚ ಕೆಂಪು ರಕ್ತ ಪಿಚಕಾರಿಯಂತೆ ಚಿಮ್ಮಿ ಡಾಕ್ಟರ ಏಪ್ರನ್ನಿನ ಮೇಲೆ ಬಿತ್ತು. ಅವರು ತಟ್ಟನೆ ಸೂಜಿ ಕಿತ್ತು ಹತ್ತಿಯಿಟ್ಟು ಒತ್ತಿ ಹಿಡಿದರು. ಹಾವಿನ ವಿಷದಿಂದ ಕೆಟ್ಟಿದ್ದ ರಕ್ತ ಹೆಪ್ಪುಗಟ್ಟುವ ಗುಣವನ್ನು ಇನ್ನೂ ಪೂರ್ತಿ ಮರಳಿ ಪಡೆದಿರಲಿಲ್ಲವೇನೋ, ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕುತ್ತಿಗೆಯ ಬುಡವೆಲ್ಲ ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಮತ್ತೆ ಸ್ವಲ್ಪ ಪಕ್ಕಕ್ಕೆ ಹಾಕಿದಾಗ ಕಪ್ಪಗಿನ ರಕ್ತ ನಿಧಾನ ಬಂತು. "ಇದು ಸರಿ" ಎಂದು ಡಾಕ್ಟರು ತಮಗೆ ತಾವೇ ಹೇಳಿಕೊಂಡರು. ಅವರ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಆ ವಾರಗಳಲ್ಲಿ ಭಾವನಷ್ಟು ವಿನಯವಂತ ಇಡೀ ವಾರ್ಡಿನಲ್ಲಿ ಇರಲಿಲ್ಲ. ನರ್ಸಮ್ಮನಿಗೆ "ತಾಯೀ" ಅನ್ನುತ್ತಿದ್ದ. ಅಕ್ಕನ ಕೈ ಹಿಡಿದು, "ಇನ್ ಮ್ಯಾಲೆ ನಿನ್ನ ಮುಂದೆ ದನಿ ಎತ್ತಿದ್ರೆ ನನ್ನ ನಾಲಿಗೆ ಸೇದೋಗ್ಲಿ ಉಡಚಿ" ಎಂದು ಅತ್ತ. ಅಜ್ಜಮ್ಮನ ಕಾಲಿಗೆ ಬೀಳುತ್ತೇನೆ ಎಂದೂ ಹೇಳಿದ. ಕೊನೆಗೊಂದು ಬೆಳಿಗ್ಗೆ ಕಿಡ್ನಿಗಳು ಕಣ್ಣು ಬಿಟ್ಟು ಉಚ್ಚೆ ಬಂತು. ಅದೇ ಮಧ್ಯಾಹ್ನ ಅವನು ಕಾಫಿ ತಣ್ಣಗಿದೆಯೆಂದು ಲೋಟವನ್ನು ಅಕ್ಕನ ಕಡೆಗೆ ಎಸೆದ.

ನಳಿಕೆ ತೆಗೆದ ಮೇಲೆ ಅವನ ಮೈ ಒರೆಸುತ್ತಿದ್ದ ಅಕ್ಕ ಹೌಹಾರಿ ನನ್ನನ್ನು ಕರೆದಳು. "ತಮ್ಮಾ, ಇಲ್ಲಿ ಕೈ ಇಟ್ ನೋಡು. ಒಳಗೆ ಜೇನು ಕೂತಂಗೈತೆ."

ಇಟ್ಟೆ. ಕೊರಳೆಲುಬಿನ ಕೆಳಗೆ ಚರ್ಮದಡಿ ಏನೋ ಗುಂಯ್‌ಗುಡುತ್ತಿತ್ತು. ಕಿವಿಯಿಟ್ಟರೆ ಬುಸ್ ಬುಸ್ ಎಂಬ ಸದ್ದು. ಡಾಕ್ಟರು ಬಂದು ಸ್ಟೆತಾಸ್ಕೋಪು ಇಟ್ಟು ಕೇಳಿದರು. ಆಮೇಲೆ ಮಂಚದ ಅಂಚಿನಲ್ಲಿ ಕೂತರು.

"ನಿಮ್ಮ ಹತ್ರ ಮುಚ್ಚಿಡಲ್ಲ" ಅಂದರು. "ಆವತ್ತು ನನ್ನ ಸೂಜಿ ಮೊದಲು ತಪ್ಪು ನಾಳಕ್ಕೆ ಹೋಯ್ತು. ಅದು ಹೃದಯದಿಂದ ರಭಸವಾಗಿ ರಕ್ತ ಬರೋ ನಾಳ. ಪಕ್ಕದ್ದು ಹೃದಯಕ್ಕೆ ರಕ್ತ ವಾಪಸ್ ಹೋಗೋ ನಾಳ. ಎರಡಕ್ಕೂ ತೂತಾಗಿ, ನಡುವೆ ಒಂದು ದಾರಿ ಬಿಟ್ಟಿದೆ. ನೀವು ನಾಲೆ ಕೆಲಸದವರಲ್ವಾ? ತುಂಬಿದ ನಾಲೆಯ ಏರಿ ಒಡೆದು ಬಸಿಗಾಲುವೆಗೆ ನೀರು ನುಗ್ಗಿದ್ರೆ ಸದ್ದು ಬರುತ್ತಲ್ಲ, ಹಾಗೆ."

"ಅದಕ್ಕೇನು ಮಾಡೋದು ಸ್ವಾಮಿ?" ಅಕ್ಕ ಕೇಳಿದಳು.

"ತಾನಾಗೇ ಮುಚ್ಚಿಕೊಂಡರೆ ಸರಿ. ಇಲ್ಲದಿದ್ರೆ ಆಪರೇಷನ್ ಮಾಡಿ ಹೊಲೀಬೇಕು. ಬಿಟ್ಟರೆ ಹೃದಯ ವರ್ಷಗಟ್ಟಲೆ ದಂಡಕ್ಕೆ ದುಡಿದು ಸೋತುಹೋಗುತ್ತೆ. ಎರಡು ತಿಂಗಳು ಬಿಟ್ಟು ತಪ್ಪದೆ ಬನ್ನಿ." ಹೀಗೆ ಹೇಳಿ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಗುಂಯ್‌ಗುಡುವುದು ನಿಂತಿತು. ಬಿಟ್ಟರು, ಮತ್ತೆ ಶುರುವಾಯಿತು.

ಭಾವ ತಾನೂ ಒಮ್ಮೆ ಒತ್ತಿ ನೋಡಿಕೊಂಡ. ಬಿಟ್ಟ. ಮತ್ತೆ ಒತ್ತಿದ. ತೂಬಿನ ಚಕ್ರ ಮೊದಲ ಸಲ ಕೈಗೆ ಸಿಕ್ಕಾಗ ಅವನ ಮುಖ ಹೇಗಿತ್ತೋ ನಾನು ನೋಡಿಲ್ಲ. ಹೀಗೇ ಇದ್ದಿರಬೇಕು.

ಊರಿಗೆ ಬಂದ ದಿನ ಮೊದಲು ನೋಡಲು ಬಂದವನು ಓಬಣ್ಣ. ಪಾಪದ ಮನುಷ್ಯ, ತನಗೆ ಬೈಯುವಾಗ ಹಾವು ಕಚ್ಚಿತಲ್ಲ ಎಂದು ತನ್ನದೇ ತಪ್ಪೆಂಬಂತೆ ಕೊರಗುತ್ತಿದ್ದ. ಭಾವ ಅವನ ಕೈ ಎಳೆದು ಎದೆಯ ಮೇಲೆ ಇಟ್ಟುಕೊಂಡ. ಓಬಣ್ಣ ಬೆಂಕಿ ಮುಟ್ಟಿದವನಂತೆ ಕೈ ಕಿತ್ತುಕೊಂಡ.

"ಬುಸುಗುಟ್ತೈತಲ್ಲಪ್ಪೋ! ನಾಗಪ್ಪ... ನಾಗಪ್ಪ ಒಳಗೇ ಅದಾನೆ!"

ನಾನು ಅಲ್ಲೇ ಕಂಬಕ್ಕೊರಗಿ ನಿಂತಿದ್ದೆ. "ಇಲ್ಲಪ್ಪಾ, ಇದು ಸೂಜಿಯ ತೂತು" ಎಂದು ಭಾವ ಹೇಳಬಹುದಿತ್ತು. ಅವನು ಕಣ್ಣು ಮುಚ್ಚಿದ. ಆಮೇಲೆ, ಅದುವರೆಗೆ ನಾನು ಕೇಳಿರದ ಒಂದು ತಗ್ಗಿದ ದನಿಯಲ್ಲಿ, "ಕಚ್ಚಿದ್ದಲ್ಲ ಓಬಣ್ಣ. ಒಳಗೆ ಬಂದದ್ದು" ಅಂದ.

ಮಳೆಗಾಲ ಮುಗಿಯುವುದರೊಳಗೆ ಮನೆಯ ಮುಂದೆ ಬೇವಿನ ಮರದ ಬುಡಕ್ಕೆ ಒಂದು ಕಟ್ಟೆಯಾಯಿತು. ಭಾವ ಅರಿಸಿನದ ಪಂಚೆ ಉಟ್ಟು, ಬರಿಮೈಯಲ್ಲಿ ಕೂತ. ನಲ್ಲೂರಿನಿಂದ ಬಂದರು, ಕತ್ತಲಗೆರೆಯಿಂದ ಬಂದರು, ನಮ್ಮ ಹೊನ್ನಾಳಿ ಕಡೆಯಿಂದಲೂ ಬಂದರು. ಸಾಲಾಗಿ ನಿಂತು, ಒಬ್ಬೊಬ್ಬರೇ ಅವನ ಎದೆ ಮುಟ್ಟಿ ಬೆಚ್ಚಿ ಕೈ ಮುಗಿದರು. ಬೇಡದವನು ಬಂದರೆ ಭಾವ ಕೊರಳು ಸವರಿಕೊಳ್ಳುವವನಂತೆ ಹೆಬ್ಬೆರಳಿಂದ ಆ ಜಾಗ ಒತ್ತಿಬಿಡುತ್ತಿದ್ದ. ಬುಸುಗುಡುವುದು ನಿಂತುಬಿಡುತ್ತಿತ್ತು. "ನಾಗಪ್ಪ ನಿನ್ನ ಮ್ಯಾಲೆ ಮುನಿಸ್ಕೊಂಡಾನೆ" ಅನ್ನುತ್ತಿದ್ದ. ಆ ಬಡಪಾಯಿ ಅಳುತ್ತ ಹೋಗಿ ಹಾಲು, ತೆಂಗಿನಕಾಯಿ ಹೊತ್ತು ಮತ್ತೆ ಬರುತ್ತಿದ್ದ. ಅಜ್ಜಮ್ಮ ಬಂದಾಗಲೂ ಒತ್ತಿದ. ನೀರಾವರಿ ಇಲಾಖೆಯ ಇಂಜಿನಿಯರು, ತೂಬಿನ ಕಡೆ ತಲೆಯೇ ಹಾಕದ ಅವನನ್ನು ಕೆಲಸದಿಂದ ಕಿತ್ತುಹಾಕಬೇಕಿದ್ದವರು, ಜೀಪಿನಲ್ಲೇ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಡೆದು ಬಂದರು. ಓದಿದವರ ಬುದ್ಧಿಯ ಮೇಲೆ ನನಗಿದ್ದ ಅಷ್ಟಿಷ್ಟು ಅಭಿಮಾನ ಆ ಬರಿಗಾಲಿನ ಜೊತೆಗೇ ಮಣ್ಣಿಗೆ ಬಿತ್ತು.

ಅಕ್ಕ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. "ಅದು ಸೂಜಿ ತೂತು ಕಣ್ರಪ್ಪಾ. ಡಾಕ್ಟ್ರೇ ಬಾಯಿಬಿಟ್ ಹೇಳ್ಯಾರೆ. ನಾನೇ ಕೇಳೀನಿ." ಯಾರೂ ಕಿವಿಗೊಡಲಿಲ್ಲ. ಗಂಡನ ಏಳಿಗೆ ಸಹಿಸದ ಹೆಂಗಸು ಅಂದರು. ನಿಜ ಮುಚ್ಚಿಟ್ಟರೆ ಹುಡುಕಿ ತೆಗೆಯುವ ಜನ, ಬಾಗಿಲಲ್ಲೇ ನಿಂತು ಕೂಗಿದರೆ ದಾಟಿಕೊಂಡು ಹೋಗುತ್ತಾರೆ.

ಎರಡು ತಿಂಗಳು ಕಳೆದಾಗ ನಾನೇ ಹೋಗಿ ಕೇಳಿದೆ. "ಭಾವ, ಡಾಕ್ಟ್ರು ಏನಂದಿದ್ರು ನಿಮಗೆ ನೆನಪೈತಲ್ಲ?"

"ಐತೆ ಮೇಷ್ಟ್ರೇ. ಡಾಕ್ಟ್ರ ಸೂಜಿ ತಪ್ಪಿತು ಅಂದ್ರು. ತಪ್ಪಿಸಿದ್ದು ಯಾರು? ಅದನ್ನ ಹೇಳ್ರಿ ನೋಡಾನ."

ಸುತ್ತ ಕೂತವರು ತಲೆದೂಗಿದರು. ಅವನು ನನ್ನತ್ತ ಕಣ್ಣು ಮಿಟುಕಿಸಿದ. ಆ ಕಣ್ಣು ಮಿಟುಕಿಸಿದ್ದನ್ನು ನಾನು ಕ್ಷಮಿಸಿಲ್ಲ. ಮರುಳನಾಗಿದ್ದರೆ ಕನಿಕರಿಸಬಹುದಿತ್ತು. ಅವನಿಗೆ ಎಲ್ಲ ಗೊತ್ತಿತ್ತು.

ಮರುವರ್ಷ ಕೊಯ್ಲಿನ ಕಾಲದಲ್ಲಿ ಪಾಲಣ್ಣನಿಗೆ ಹಾವು ಕಚ್ಚಿತು. ಪಾಲಣ್ಣ, ಅವನ ಹೆಂಡತಿ ಸುಂಕಲಮ್ಮ, ಇಬ್ಬರೂ ಕೂಲಿ ಮಾಡುವವರು. ಅಕ್ಕನ ಮನೆಯ ಹಿಂದಿನ ಬೀದಿಯವರು. ಗದ್ದೆಯಿಂದ ಅವನನ್ನು ಎತ್ತಿಕೊಂಡು ಬಂದವರು ದಾವಣಗೆರೆ ಬಸ್ಸು ನಿಲ್ಲುವ ಜಾಗಕ್ಕೆ ಹೋಗದೆ ಸೀದಾ ಬೇವಿನ ಕಟ್ಟೆಗೆ ತಂದರು. ಕಚ್ಚಿದ್ದು ಅದೇ ಕೊಳಕುಮಂಡಲ. ಆಗ ಬಸ್ಸು ಇನ್ನೂ ಕಣ್ಣೆದುರಿಗೇ ನಿಂತಿತ್ತು.

ಭಾವ ಪಾಲಣ್ಣನ ಕೈಯನ್ನು ತನ್ನ ಎದೆಗೆ ಒತ್ತಿಕೊಂಡು, "ಇಳೀತೈತೆ, ವಿಷ ನನ್ನೊಳಗೆ ಇಳೀತೈತೆ" ಎನ್ನತೊಡಗಿದ.

ಅಕ್ಕ ಒಳಗಿನಿಂದ ಓಡಿಬಂದಳು. "ಬಸ್ಸಿಗೆ ಹತ್ತಿಸ್ರೋ! ನನ್ನ ಗಂಡನ್ನ ಉಳಿಸಿದ್ದು ದಾವಣಗೆರೆ ಇಂಜೆಕ್ಷನ್ನು, ಬೆಂಗಳೂರು ಮೆಷಿನ್ನು!" ಗಂಡನ ಕಡೆ ತಿರುಗಿದಳು. "ಏನ್ರೀ, ನೀವಾದ್ರೂ ಹೇಳ್ರೀ! ನಿಮ್ಮ ಕಾಲಿಗೆ ಬೀಳ್ತೀನಿ!"

"ಒಳಗೆ ನಡಿಯೇ" ಅಂದ ಭಾವ. "ಮೈಲಿಗೆ ಮಾಡಬ್ಯಾಡ."

ಅಕ್ಕ ಪಾಲಣ್ಣನ ರಟ್ಟೆ ಹಿಡಿದು ಎಳೆದಳು. ಯಾರೋ ಅವಳನ್ನು ದೂಡಿದರು. ಬಸ್ಸು ಹೋಯಿತು. ಸಂಜೆಗೆ ಪಾಲಣ್ಣನ ಒಸಡಿನಲ್ಲಿ ರಕ್ತ ಒಸರಿದಾಗ ಭಾವ, "ಇವನ ಕರ್ಮ ದೊಡ್ಡದೈತೆ, ಆಸ್ಪತ್ರೆಗೆ ಒಯ್ರಿ" ಎಂದು ಎದ್ದು ಒಳಗೆ ಹೋದ. ಒಯ್ದರು. ಉಚ್ಚೆ ಕಟ್ಟಿ, ಕೆಲವೇ ದಿನಕ್ಕೆ ಪಾಲಣ್ಣ ದಾವಣಗೆರೆಯಲ್ಲೇ ತೀರಿಕೊಂಡ. ಇಂಥವರನ್ನು ಬೆಂಗಳೂರಿಗೆ ಒಯ್ಯುವವರು ಯಾರಿದ್ದರು?

ಸುಂಕಲಮ್ಮ ಭಾವನನ್ನು ಬೈಯಲಿಲ್ಲ. "ನಾಗಪ್ಪ ಒಪ್ಪಲಿಲ್ಲ, ನಮ್ಮ ಹಣೆಬರ" ಅಂದಳು. ತಿಥಿ ಕಳೆದ ಮೇಲೆ ಕಾಯಿ ಹಿಡಿದು ಕಟ್ಟೆಗೆ ಬಂದಳು. ಅವನು ಆ ಕಾಯಿಯನ್ನೂ ತೆಗೆದುಕೊಂಡ. ಅದನ್ನು ಕಣ್ಣಾರೆ ಕಂಡ ಅಕ್ಕ ತನ್ನ ಎರಡು ಸೀರೆ ಗಂಟು ಕಟ್ಟಿಕೊಂಡು ಹೊನ್ನಾಳಿಗೆ ನನ್ನ ಮನೆಗೆ ಬಂದಳು. ಇದನ್ನೆಲ್ಲ ನನಗೆ ಹೇಳಿದವಳು ಅವಳೇ.

ಡಾಕ್ಟರು ಹೇಳಿದ್ದು ಎಂಬತ್ತಾರರಲ್ಲಿ ನಿಜವಾಯಿತು. ಒಂದು ಮಧ್ಯಾಹ್ನ ಕಂಬಳಿಯಲ್ಲಿ ತಲೆಯಿಂದ ಕಾಲತನಕ ಮುಚ್ಚಿಕೊಂಡ ಒಬ್ಬ ನನ್ನ ಮನೆಯ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತಿದ್ದ. ಕಂಬಳಿ ಸರಿಸಿದರೆ ಭಾವ. ಕಾಲುಗಳು ಊದಿ ಕಂಬದಂತಾಗಿದ್ದವು. ಬಲಗೈ ಎಡಗೈಗಿಂತ ದಪ್ಪ, ಅದರ ಮೇಲೆ ನಾಳಗಳು ಹುರಿಯಂತೆ ಉಬ್ಬಿದ್ದವು. ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ಭಕ್ತರಿಗೆ ಕಾಶಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದನಂತೆ.

"ಮೇಷ್ಟ್ರೇ... ಆ ಬೆಂಗಳೂರು ಡಾಕ್ಟ್ರು ಇನ್ನೂ ಅದಾರಾ?"

"ಯಾಕೆ, ನಾಗಪ್ಪ ಏನಂತಾನೆ?" ಅಂದೆ.

"ಹಂಗನ್ನಬ್ಯಾಡ್ರಿ. ನಿಮ್ಮ ಅಕ್ಕನ ತಾಳಿ ಮುಖ ನೋಡ್ರಿ."

ತಾಳಿ ಅವನಿಗೆ ಈಗ ನೆನಪಾಗಿತ್ತು. ನನಗೆ ಅವನನ್ನು ಮೆಟ್ಟಿಲಿಂದ ಇಳಿಸಿ ಬಾಗಿಲು ಹಾಕಿಕೊಳ್ಳುವ ಮನಸ್ಸಿತ್ತು. ಒಳಗೆ ಹೋಗಿ ಅಕ್ಕನಿಗೆ ಹಾಗೆಯೇ ಹೇಳಿದೆ. ಅಕ್ಕ ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು.

"ಬ್ಯಾಡ ತಮ್ಮಾ. ಹಿಂಗೇ ಸತ್ತರೆ ಇವನು ದೇವರಾಗ್ತಾನೆ. ಸಮಾಧಿ ಕಟ್ಟಿ ಗುಡಿ ಎಬ್ಬಿಸ್ತಾರೆ. ಹಾವು ಕಚ್ಚಿದೋರನ್ನ ತಂದು ಆ ಗುಡಿ ಮುಂದೆ ಮಲಗಿಸ್ತಾರೆ. ಕರ್ಕಂಡ್ ಹೋಗು. ಆ ತೂತು ಹೊಲಿಸು. ಬದುಕಿಸ್ಕಂಡೇ ಬಾ."

ಬೆಂಗಳೂರಿನಲ್ಲಿ ಅದೇ ಡಾಕ್ಟರು ಇದ್ದರು, ಮೀಸೆ ಗಟ್ಟಿಯಾಗಿತ್ತು. ಭಾವನನ್ನು ಗುರುತು ಹಿಡಿದು, "ಮೂರು ವರ್ಷ ಎಲ್ಲಿ ಹೋಗಿದ್ರಿ? ನಾನು ಕಾಗದ ಹಾಕಿದ್ದೆನಲ್ಲ" ಅಂದರು.

"ಹೊಲ ಮನೆ ಕೆಲಸ ಸ್ವಾಮಿ, ಪುರುಸೊತ್ತಾಗ್ಲಿಲ್ಲ" ಅಂದ ಭಾವ. ಅವನಿಗೆ ಹೊಲವಿರಲಿಲ್ಲ.

ಔಷಧಿ ಕೊಟ್ಟು ಮೈಯ ನೀರು ಇಳಿಸಿ, ಆಮೇಲೆ ದೊಡ್ಡ ಸರ್ಜನ್ನರು ಕೊರಳೆಲುಬು ಕತ್ತರಿಸಿ ತೆಗೆದು, ಎರಡು ನಾಳಗಳನ್ನು ಬೇರೆ ಮಾಡಿ ಹೊಲಿದರು. ಕಷ್ಟದ ಆಪರೇಷನ್ನು, ರಕ್ತ ಬಹಳ ಹೋಯಿತು ಎಂದು ನಮ್ಮ ಡಾಕ್ಟರು ಹೊರಗೆ ಬಂದು ಹೇಳಿದರು. ತಾವು ಮಾಡಿದ್ದನ್ನು ತಾವೇ ಸರಿಪಡಿಸುವಾಗ ಪಕ್ಕದಲ್ಲಿ ನಿಂತಿದ್ದರಂತೆ. ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಕೈ ತಪ್ಪಿದ್ದನ್ನು ತಪ್ಪಿತು ಎಂದು ಹೇಳಿದ ಮನುಷ್ಯ ಈ ಇಡೀ ಕಥೆಯಲ್ಲಿ ಅವರೊಬ್ಬರೇ.

ಎಚ್ಚರವಾದಾಗ ಭಾವನ ಕೈ ಮೊದಲು ಹೋದದ್ದು ಎದೆಗೆ. ತಡಕಿದ. ಬ್ಯಾಂಡೇಜಿನ ಸುತ್ತ, ಮೇಲೆ, ಕೆಳಗೆ ತಡಕಿದ. ಕಣ್ಣಲ್ಲಿ ನೀರು ಬಂತು.

"ಸ್ವಲ್ಪನಾದ್ರೂ ಬಿಡಬೌದಿತ್ತು ಸ್ವಾಮಿ" ಅಂದ.

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಅರ್ಥ ಮಾಡಿಸಲೂ ಹೋಗಲಿಲ್ಲ.

ಅವನನ್ನು ತ್ಯಾವಣಿಗೆಗೆ ಕರೆದೊಯ್ಯುವಾಗ ಅಕ್ಕನೂ ಬಂದಳು. ಕಾಶಿಯಿಂದ ಸ್ವಾಮಿ ಬಂದರೆಂದು ಕಟ್ಟೆಯ ಸುತ್ತ ಜನ ಸೇರಿತ್ತು. ಭಾವ ಮೈತುಂಬ ಶಾಲು ಹೊದ್ದು, "ಇವತ್ತು ದರ್ಶನ ಇಲ್ಲ" ಅಂದ. ಅಕ್ಕ ಶಾಲು ಎಳೆದು ಹಾಕಿದಳು. ಕೊರಳಿಂದ ರಟ್ಟೆಯವರೆಗೆ ಹೊಲಿಗೆಯ ಗಾಯ, ಎಲುಬಿಲ್ಲದ ಜಾಗದಲ್ಲಿ ಒಂದು ತಗ್ಗು. ಅವಳು ಓಬಣ್ಣನ ಕೈ ಹಿಡಿದು ಆ ತಗ್ಗಿನ ಮೇಲೆ ಇಟ್ಟಳು.

"ಏನೈತೆ ಹೇಳಣ್ಣ."

ಓಬಣ್ಣ ಬಹಳ ಹೊತ್ತು ಇಟ್ಟುಕೊಂಡ. "ಏನೂ ಇಲ್ಲಮ್ಮ" ಅಂದ.

"ನಾಗಪ್ಪ ಕಾಶಿಯಾಗೆ ಗಂಗೆಗೆ ಇಳಿದುಬಿಟ್ಟ" ಎಂದು ಭಾವ ಗೊಣಗಿದ. ಅದಕ್ಕೂ ಒಬ್ಬಿಬ್ಬರು ಕೈ ಮುಗಿದರು. ಮನುಷ್ಯರ ಮೇಲೆ ಜಿಗುಪ್ಸೆ ಹುಟ್ಟಲು ಇನ್ನೇನು ಬೇಕು.

ಕೊನೆಗೆ ಮುಂದೆ ಬಂದದ್ದು ಸುಂಕಲಮ್ಮ. ಅವಳೂ ಕೈ ಇಟ್ಟಳು. ಹೊಲಿಗೆಯ ಗೀರನ್ನು ಬೆರಳಿನಿಂದ ಕೊನೆಯವರೆಗೆ ಮುಟ್ಟಿ ನೋಡಿದಳು.

"ಇದನ್ನ ಡಾಕ್ಟ್ರು ಹೊಲಿದಿದ್ದಾ ಅಕ್ಕಾ?" ಎಂದು ನನ್ನ ಅಕ್ಕನನ್ನು ಕೇಳಿದಳು.

"ಹೂಂ ಕಣವ್ವ."

"ಅಂದ್ರೆ ಇವಯ್ಯ ಕಾಶಿಗಲ್ಲ, ಆಸ್ಪತ್ರೆಗೆ ಹೋಗಿದ್ದ. ತನಗೆ ಬಂದಾಗ ಹೋದ."

ಸುಂಕಲಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಸಗಣಿ ಮುಟ್ಟಿದವರು ಒರೆಸಿಕೊಳ್ಳುವ ಹಾಗೆ. ಅಳಲಿಲ್ಲ, ಶಾಪ ಹಾಕಲಿಲ್ಲ, ತಿರುಗಿ ಮನೆಗೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಜನ ಚೆದುರಿದರು. ಇಂಜಿನಿಯರು ತಿಂಗಳೊಳಗೆ ಬೇರೆ ಸೌಡಿಯನ್ನು ನೇಮಿಸಿದರು. ಧೈರ್ಯ ಬರಲು ಅವರಿಗೆ ಅಷ್ಟು ದಿನ ಬೇಕಾಯಿತು.

ಭಾವ ಜಗಳೂರು ಸೇರಿಕೊಂಡ. ಅಕ್ಕ ಹೋಗಲಿಲ್ಲ. ಅವಳು ತ್ಯಾವಣಿಗೆಯಲ್ಲೇ ಉಳಿದು ಸುಂಕಲಮ್ಮನ ಜೊತೆ ನಾಟಿ ಗುಂಪು ಕಟ್ಟಿಕೊಂಡು ಗದ್ದೆ ಕೆಲಸ ಹಿಡಿದಳು. ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದರು.

ಎಂಬತ್ತೆಂಟರಲ್ಲಿ ಪರೀಕ್ಷೆ ಕೆಲಸಕ್ಕೆಂದು ಜಗಳೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಭಾವ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತಿದ್ದ. ಸುತ್ತ ನಾಲ್ಕಾರು ಜನ. ರೈತರ ಚಳವಳಿ ಜೋರಾಗಿದ್ದ ಕಾಲ ಅದು. "ನೀರಿನ ಹೋರಾಟದಾಗೆ ಪೊಲೀಸ್ರು ಬಂದೂಕಿನ ಚೂರಿಯಿಂದ ತಿವಿದಿದ್ದು ಇದು" ಎಂದು ಆ ತಗ್ಗನ್ನು ತೋರಿಸುತ್ತಿದ್ದ. "ರೈತರಿಗೆ ನೀರು ಬಿಡ್ರೋ ಅಂತ ತೂಬಿಗೆ ಅಡ್ಡ ಮಲಗಿದೆ ನೋಡ್ರಿ." ಯಾರೋ ಅವನಿಗೆ ಇನ್ನೊಂದು ಚಾ ಹೇಳಿದರು. ಅವನು ನನ್ನನ್ನು ಕಂಡ. ಅವನ ಕೈ ಅಂಗಿಯ ಗುಂಡಿಗೆ ಹೋಯಿತು. ನಾನು ಏನೂ ಹೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಕಥೆ ಮುಂದುವರಿಸಿದ. ಹೇಳುವಷ್ಟು ಬೆಲೆಯೂ ಅವನಿಗೆ ನನ್ನಲ್ಲಿ ಉಳಿದಿರಲಿಲ್ಲ.

ಮುಂದಿನ ಸಲ ತ್ಯಾವಣಿಗೆಗೆ ಹೋದಾಗ ಅಕ್ಕನಿಗೆ ಇದನ್ನು ಹೇಳಿದೆ. ಅವಳು ಗದ್ದೆಯಿಂದ ಬಂದು ಕಾಲಿನ ಕೆಸರು ತೊಳೆಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, "ಸುಂಕಲಿ ಮುದ್ದೆ ಕಟ್ಟ್ಯಾಳೆ, ಆರಿಹೋಗ್ತೈತೆ, ಬಾ ಉಣ್ಣಾಕೆ" ಅಂದಳು.